ಶಸ್ತ್ರಕ್ಕೆ ಸಿಗದ ಭಯ

ರೋಜಾದ ನಮ್ಮ ಮನೆಯಲ್ಲಿ ಕರಿಯನೆಂಬ ಗಂಡುನಾಯಿಯಿತ್ತು. ಹೆಣ್ಣಿನ ವಾಸನೆ ಹಿಡಿದು ಖಾಜಾ ಬಂದೇ ನವಾಜ್ ದರ್ಗಾದ ರಸ್ತೆಯವರೆಗೂ ಅಲೆದು, ಕಾದಾಡಿ, ಗಾಯಗೊಂಡು ಮರಳುತ್ತಿತ್ತು. ಪಶುವೈದ್ಯರಿಂದ ಬೀಜ ತೆಗೆಸಿದೆ. ಟೆಸ್ಟೊಸ್ಟಿರೋನ್ ಬೇಗನೆ ಇಳಿದರೂ ರೂಢಿ ಬಿಡಲು ಕೆಲವು ವಾರಗಳು ಬೇಕಾದವು. ಅಲೆದಾಟ, ಕಂಬಕಂಬಕ್ಕೂ ಮೂತ್ರದ ಗುರುತು, ಗಂಡುನಾಯಿಗಳೊಡನೆ ಜಗಳ ಕಡಿಮೆಯಾದವು.

ಇನ್ನು ಕಚ್ಚದೆಂದು ನಂಬಿ ಸರಪಳಿ ಬಿಚ್ಚಿದೆ. ಕೋಲೂರಿ ಬಂದ ನೆರೆಮನೆಯ ಹಿರಿಯರನ್ನು ಕಚ್ಚಿಬಿಟ್ಟಿತು! ಗಾಯವನ್ನು 15 ನಿಮಿಷ ಸಾಬೂನಿನಿಂದ ತೊಳೆದು, ರೇಬೀಸ್ ಲಸಿಕೆ ಕೊಡಿಸಿದೆವು.

ವೈದ್ಯರೆಂದರು: “ಇದು ಕೋಲಿಗೆ ಹೆದರಿ ಕಚ್ಚಿದ್ದು. ಭಯ ಬೀಜದೊಡನೆ ಹೋಗದು, ಕೆಲವೊಮ್ಮೆ ಹೆಚ್ಚಲೂಬಹುದು.”

ಮರಿಯಾಗಿದ್ದಾಗ ಅದಕ್ಕೆ ಕೋಲಿನಿಂದ ಬಾರಿಸಿದವನು ನಾನೇ. ತರಗತಿಯ ಬೆತ್ತವೂ ನೆನಪಾಯಿತು. ಪ್ರಿಯ ವಿದ್ಯಾರ್ಥಿಗಳೇ, ಕ್ಷಮೆಯಿರಲಿ.