ಶಿಲುಬೆ ಹಾದಿಯಲ್ಲಿ ದಾಳಿಂಬೆ ರಸ

ಜೆರುಸಲೇಮಿನ ವಿಯಾ ಡೊಲೊರೋಸಾದಲ್ಲಿ ನಾನು ತೆಗೆದ ಫೋಟೊಗಳಲ್ಲಿ ಭಕ್ತಿ ಕಡಿಮೆ, ವ್ಯಾಪಾರ ಜಾಸ್ತಿ. ಯೇಸು ಶಿಲುಬೆ ಹೊತ್ತು ನಡೆದನೆಂದು ಲೋಕ ನಂಬಿರುವ ಬೀದಿ ಅದು. ಸುಮಾರು ಆರುನೂರು ಮೀಟರ್ ಉದ್ದ. ಆ ನಡಿಗೆಯ ಒಂದೊಂದು ಘಟನೆಯನ್ನು ನೆನೆಯುವ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಒಂಬತ್ತು ಈ ದಾರಿಯಲ್ಲಿ ಸಿಗುತ್ತವೆ, ಉಳಿದ ಐದು ಕೊನೆಯಲ್ಲಿರುವ ಪವಿತ್ರ ಸಮಾಧಿಯ ದೇವಾಲಯದೊಳಗೆ. ಮೂರನೆಯ ಸ್ಥಳದ ನನ್ನ ಚಿತ್ರದಲ್ಲಿ, ಯೇಸು ಮೊದಲ ಸಲ ಬಿದ್ದ ಶಿಲ್ಪ ಮೇಲಿನ ಮೂಲೆಗೆ ಸರಿದುಬಿಟ್ಟಿದೆ. ಎಳ್ಳು ಮೆತ್ತಿದ ಉಂಗುರದಂಥ ರೊಟ್ಟಿಗಳ ಗಾಡಿ ತಳ್ಳುವ ಹುಡುಗ ಮುಕ್ಕಾಲು ಪಾಲನ್ನು ನುಂಗಿದ್ದಾನೆ. ಏಳನೆಯ ಸ್ಥಳದಲ್ಲಿ ತೂಗುಹಾಕಿದ ಟೀ ಶರ್ಟುಗಳು. ಇನ್ನೊಂದರಲ್ಲಿ ದಾಳಿಂಬೆ ಹಿಂಡಿ ರಸ ತೆಗೆಯುವವನು ಲೋಟ ಎತ್ತಿ ಹಿಡಿದು ನಗುತ್ತಿದ್ದಾನೆ. ಅವನ ಹಿಂದೆ ಗೋಡೆಯಲ್ಲಿ ಎಷ್ಟನೆಯದೋ ಸ್ಥಳದ ಅಂಕಿ. ಊರಿಗೆ ಬಂದ ಮೇಲೆ ಇವನ್ನೆಲ್ಲ ನೋಡಿದ ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ನೀನು ಹೋದದ್ದು ಯಾತ್ರೆಗೋ, ಸಂತೆಗೋ?"

ಅವರಿಗೆ ಬೇಕಾಗಿದ್ದ ಶಿಲುಬೆ ಹಾದಿ ನಮ್ಮ ಮಂಗಳೂರಿನ ಇಗರ್ಜಿಯ ಗೋಡೆಯ ಮೇಲಿದೆ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಂದು ಒಂದೊಂದು ಚಿತ್ರದೆದುರೂ ಮೊಣಕಾಲೂರಿ, ಎದ್ದು, ಮತ್ತೆ ಊರಿ ನಾವೆಲ್ಲ ಬೆಳೆದದ್ದು. ಆ ಚಿತ್ರಗಳಲ್ಲಿ ಕೆಂಪು ಮೇಲಂಗಿಯ ರೋಮನ್ ಸೈನಿಕರಿದ್ದಾರೆ, ಅಳುವ ಹೆಂಗಸರಿದ್ದಾರೆ, ಹಳದಿ ಆಕಾಶವಿದೆ. ಅಂಗಡಿ ಮಾತ್ರ ಒಂದೂ ಇಲ್ಲ. ಆ ಊರಿನಲ್ಲಿ ಅಂದು ಯಾರಿಗೂ ಹಸಿವೆಯೇ ಆಗಿರಲಿಲ್ಲವೇನೋ ಎನ್ನುವ ಹಾಗೆ.

ವಿಚಿತ್ರವೆಂದರೆ, ಗೋಡೆಯ ಚಿತ್ರಗಳೇ ಈ ಬೀದಿಗೆ ಅದರ ಇಂದಿನ ರೂಪ ಕೊಟ್ಟದ್ದು. ಜೆರುಸಲೇಮಿಗೆ ಹೋಗಿಬಂದ ಯೂರೋಪಿನ ಯಾತ್ರಿಕರು, ಹೋಗಲಾಗದವರಿಗಾಗಿ ತಮ್ಮೂರಿನಲ್ಲೇ ಆ ಹಾದಿಯ ನಕಲು ಕಟ್ಟಿಸಿದರು. ಒಂದೂರಿನಲ್ಲಿ ಏಳು ಸ್ಥಳ, ಇನ್ನೊಂದೂರಿನಲ್ಲಿ ಮತ್ತೆಷ್ಟೋ. 1731ರಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟ್ ಹದಿನಾಲ್ಕೆಂದು ನಿಗದಿಮಾಡಿದರು. ಆಮೇಲೆ ಬಂದ ಯಾತ್ರಿಕರು ಮನೆಯ ಪಟ್ಟಿ ಹಿಡಿದುಕೊಂಡೇ ಜೆರುಸಲೇಮಿಗೆ ಬಂದು, "ವೆರೋನಿಕಾ ಮುಖ ಒರೆಸಿದ್ದು ಎಲ್ಲಿ? ಎರಡನೆಯ ಸಲ ಬಿದ್ದದ್ದು ಎಲ್ಲಿ?" ಎಂದು ವಿಚಾರಿಸತೊಡಗಿದರು. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಯಾವ ಯಾತ್ರಾಸ್ಥಳಕ್ಕೂ ಒಗ್ಗದ ಮಾತು. ಅದರಲ್ಲೂ 1342ರಿಂದ ಅಲ್ಲಿನ ಪುಣ್ಯಸ್ಥಳಗಳ ಉಸ್ತುವಾರಿ ಹೊತ್ತ ಫ್ರಾನ್ಸಿಸ್ಕನ್ ಸಂನ್ಯಾಸಿಗಳಿರುವ ಊರು ಅದು. ಕಾಲಕ್ರಮದಲ್ಲಿ ಎಲ್ಲಕ್ಕೂ ಜಾಗ ಸಿಕ್ಕಿತು.

ಹಾಗಾದರೆ ಯೇಸು ನಿಜಕ್ಕೂ ಇಲ್ಲೇ ನಡೆದನೇ? ಯೇಸುವಿಗೆ ಶಿಕ್ಷೆ ವಿಧಿಸಿದ ರೋಮನ್ ಅಧಿಪತಿ ಪಿಲಾತ ತಂಗಿದ್ದದ್ದು ಊರಿನ ಪಶ್ಚಿಮದ ಹೆರೋದ ರಾಜನ ಅರಮನೆಯಲ್ಲಿ, ಈಗಿನ ಜಾಫಾ ಬಾಗಿಲಿನ ಹತ್ತಿರ, ಎನ್ನುವ ವಿದ್ವಾಂಸರು ಬಹಳ ಮಂದಿ. ಅವರ ಮಾತು ಸರಿಯಾದರೆ ಪೂರ್ವದ ಕಡೆಯಿಂದ ಹೊರಡುವ ನಾವೆಲ್ಲ ನಡೆಯುತ್ತಿರುವುದು ತಿರುಗುಮುರುಗು. "ಇಗೋ ಈ ಮನುಷ್ಯ" ಎಂದು ಪಿಲಾತ ಯೇಸುವನ್ನು ಜನರಿಗೆ ತೋರಿಸಿದ ಜಾಗವೆಂದು ಹೆಸರಾದ ಕಮಾನು ಕೂಡ ಹೇಡ್ರಿಯನ್ ಚಕ್ರವರ್ತಿಯ ಕಾಲದ್ದು, ಯೇಸುವಿಗಿಂತ ನೂರು ವರ್ಷ ಈಚಿನದು. ನನ್ನೊಂದು ಫೋಟೊದಲ್ಲಿ ಗೈಡ್ ಒಬ್ಬ ಅದರ ಕೆಳಗೆ ನಿಂತು ಎರಡೂ ಕೈ ಚಾಚಿ ವರ್ಣಿಸುತ್ತಿದ್ದಾನೆ, ಇಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಆ ಕಣ್ಣೀರಿಗೂ ಹೇಡ್ರಿಯನ್ನನಿಗೂ ಏನೂ ಸಂಬಂಧವಿಲ್ಲವೆಂದು ನಾನು ಸುಮ್ಮನಾದೆ.

ಹಾದಿ ಶುರುವಾಗುವುದು ಒಂದು ಮುಸ್ಲಿಂ ಹುಡುಗರ ಶಾಲೆಯ ಅಂಗಳದಲ್ಲಿ. ಶುಕ್ರವಾರ ಮಧ್ಯಾಹ್ನ ಅಲ್-ಅಕ್ಸಾದ ನಮಾಜು ಮುಗಿಸಿದವರು ಈ ಬೀದಿಗಳಿಗೆ ಹರಿದು ಬರುತ್ತಾರೆ. ಮೂರರ ಸುಮಾರಿಗೆ, ಬೇಸಿಗೆಯಲ್ಲಾದರೆ ನಾಲ್ಕಕ್ಕೆ, ಕಂದು ನಿಲುವಂಗಿಯ ಫ್ರಾನ್ಸಿಸ್ಕನ್ನರ ಮೆರವಣಿಗೆ. ಸಂಜೆಯಾದರೆ ಸಬ್ಬತ್ತಿಗೆಂದು ಪಶ್ಚಿಮ ಗೋಡೆಯತ್ತ ಧಾವಿಸುವ ಕಪ್ಪು ಟೊಪ್ಪಿಯ ಯಹೂದಿಗಳು ಅಡ್ಡ ಹಾಯುತ್ತಾರೆ. ಎಲ್ಲರಿಗೂ ತಮ್ಮದೇ ಅವಸರ. ಪಕ್ಕದವನ ದೇವರ ಕಡೆ ತಿರುಗಿ ನೋಡಲು ಯಾರಿಗೂ ಪುರುಸೊತ್ತಿಲ್ಲ.

ಗುಂಪಾಗಿ ಬಂದವರಿಗೆ ಹೊರಲು ಮರದ ಶಿಲುಬೆ ಸಿಗುತ್ತದೆ. ಒಬ್ಬ ಫೋಟೊಗ್ರಾಫರ್ ಗುಂಪಿನ ಮುಂದೆ ಹಿಮ್ಮುಖವಾಗಿ ಓಡುತ್ತ ಪಟಪಟನೆ ಕ್ಲಿಕ್ಕಿಸಿ, ಆಮೇಲೆ ಅದನ್ನೇ ಮಾರುತ್ತಾನೆ. ಶಿಲುಬೆಯ ಕೆಳಗೆ ಹೆಗಲು ಕೊಡಲು ಹತ್ತು ಜನರ ಪೈಪೋಟಿ. ಹೆಗಲು ತಾಗದವರು ಬೆರಳಾದರೂ ತಾಗಿಸುತ್ತಾರೆ. ದೇವಾಲಯ ಮುಟ್ಟಿದ ಮೇಲೆ ಆ ಶಿಲುಬೆಗಳೆಲ್ಲ ಗೋಡೆಗೆ ಒರಗಿ ನಿಲ್ಲುತ್ತವೆ. ಆಗ ಒಬ್ಬ ಹುಡುಗ ಬಂದು ಎರಡು ಶಿಲುಬೆಗಳನ್ನು ಒಟ್ಟಿಗೆ ಹೆಗಲಿಗೇರಿಸಿ, ಇನ್ನೊಂದು ಕೈಯಲ್ಲಿ ಮೊಬೈಲ್ ನೋಡುತ್ತ, ಮುಂದಿನ ಗುಂಪಿಗಾಗಿ ಇಳಿಜಾರಿನಲ್ಲಿ ಹೊರಟುಹೋಗುತ್ತಾನೆ. ನನ್ನ ಎಲ್ಲ ಚಿತ್ರಗಳಲ್ಲಿ ಅದೇ ಉತ್ತಮ. ಚಿಕ್ಕಮ್ಮನಿಗೆ ಅದೇ ಅತ್ಯಂತ ಕೆಟ್ಟದ್ದು.

ನಾನು ಅವರಿಗೆ ಐದನೆಯ ಸ್ಥಳವನ್ನು ನೆನಪಿಸಿದೆ. ಸಿರೇನ್ ಊರಿನ ಸಿಮೋನ ಯಾತ್ರಿಕನಾಗಿ ಆ ಮೆರವಣಿಗೆಗೆ ಬಂದವನಲ್ಲ. ಹೊಲದ ಕಡೆಯಿಂದ ತನ್ನ ಪಾಡಿಗೆ ಬರುತ್ತಿದ್ದವನನ್ನು ಸೈನಿಕರು ಹಿಡಿದು ಶಿಲುಬೆ ಹೊರಿಸಿದರು ಎಂದು ಮಾರ್ಕನೇ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಅಂದು ಯಹೂದಿಗಳ ಪಾಸ್ಕ ಹಬ್ಬದ ನೂಕುನುಗ್ಗಲು, ದೂರದೂರಿಂದ ಬಂದ ಜನ, ಕೊಳ್ಳುವವರು, ಮಾರುವವರು. ಆ ದಿನ ಯಾರಾದರೂ ಫೋಟೊ ತೆಗೆದಿದ್ದರೆ ನನ್ನದರಂತೆಯೇ ಬರುತ್ತಿತ್ತು. ಸಿಮೋನನ ಸ್ಥಳದ ಗೋಡೆಯಲ್ಲಿ ಅಂಗೈಯಷ್ಟು ಗುಳಿಬಿದ್ದ ಕಲ್ಲೊಂದಿದೆ. ಯೇಸು ಕೈಯೂರಿದ ಗುರುತೆಂದು ಎಲ್ಲರೂ ಅಲ್ಲಿ ಕೈಯಿಟ್ಟು ಇಟ್ಟು ಕಲ್ಲು ಎಣ್ಣೆ ಹಚ್ಚಿದಂತೆ ನುಣುಪಾಗಿದೆ. ಮುಂದಿನದು ವೆರೋನಿಕಾಳ ಸ್ಥಳ. ಬೆವರು ಒರೆಸಿದ ಬಟ್ಟೆಯಲ್ಲಿ ಯೇಸುವಿನ ಮುಖ ಅಚ್ಚೊತ್ತಿತಂತೆ. ಸುವಾರ್ತೆಗಳಲ್ಲಿ ಅವಳ ಹೆಸರೇ ಇಲ್ಲ. ಆದರೂ ಛಾಯಾಗ್ರಾಹಕರು ಅವಳನ್ನು ತಮ್ಮ ಪಾಲಕ ಸಂತಳಾಗಿ ಮಾಡಿಕೊಂಡಿದ್ದಾರೆ.

ಕ್ಯಾಮೆರಾ ಹುಟ್ಟಿದ ಕೆಲವೇ ವರ್ಷಗಳಲ್ಲಿ ಜೆರುಸಲೇಮಿಗೆ ಬಂದಿತು. 1854ರಲ್ಲಿ ಫ್ರಾನ್ಸಿನ ಸಾಲ್ಜ್‌ಮನ್, ಮತ್ತೆ ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಫ್ರಿತ್, ಆಮೇಲೆ ಬೈರೂತಿನಲ್ಲಿ ಸ್ಟುಡಿಯೊ ಇಟ್ಟ ಬೋನ್‌ಫಿಲ್ಸ್ ಕುಟುಂಬ. ಅವರ ಎಷ್ಟೋ ಚಿತ್ರಗಳಲ್ಲಿ ಬೀದಿಗಳು ನಿರ್ಜನ. ನೋಡಿದವರಿಗೆ ಅದು ಪವಿತ್ರ ಮೌನದಂತೆ ಕಂಡಿರಬೇಕು. ಆದರೆ ಆ ಕಾಲದ ನೆಗೆಟಿವ್ ಗಳು ಬೆಳಕು ಹೀರಲು ಹಲವು ಸೆಕೆಂಡುಗಳನ್ನೇ ತೆಗೆದುಕೊಳ್ಳುತ್ತಿದ್ದವು. ಅಷ್ಟರಲ್ಲಿ ನಡೆದುಹೋಗುತ್ತಿದ್ದವರು ಮಂಜಾಗಿಯೋ ಮಾಯವಾಗಿಯೋ ಹೋಗುತ್ತಿದ್ದರು. ಕಲ್ಲು ಉಳಿಯಿತು, ಹೊರೆಯಾಳು ಅಳಿಸಿಹೋದ. ನಮ್ಮ ಇಗರ್ಜಿಯ ಗೋಡೆಯಲ್ಲಿ ಚಿತ್ರಕಾರ ಭಕ್ತಿಯಿಂದ ಮಾಡಿದ್ದನ್ನು ಇಲ್ಲಿ ರಾಸಾಯನಿಕಗಳು ಮಾಡಿದವು.

ಕದಲದೆ ಉಳಿದದ್ದರಲ್ಲಿ ಒಂದು ಏಣಿಯೂ ಇದೆ. ದೇವಾಲಯದ ಮುಂಬಾಗಿಲಿನ ಮೇಲೆ, ಬಲಗಡೆ ಕಿಟಕಿಯ ಕೆಳಗಿನ ಅಂಚಿನಲ್ಲಿ ಪುಟ್ಟ ಮರದ ಏಣಿ. 1728ರ ಒಂದು ಕೆತ್ತನೆ ಚಿತ್ರದಲ್ಲೂ ಅದಿದೆ, ಹತ್ತೊಂಬತ್ತನೇ ಶತಮಾನದ ಫೋಟೊಗಳಲ್ಲೂ ಇದೆ, ನನ್ನ ಮೊಬೈಲಿನಲ್ಲೂ ಇದೆ. ಗ್ರೀಕ್, ಲ್ಯಾಟಿನ್, ಆರ್ಮೇನಿಯನ್, ಕಾಪ್ಟಿಕ್, ಸಿರಿಯನ್, ಇಥಿಯೋಪಿಯನ್ ಎಂದು ಆರು ಪಂಗಡಗಳು ಈ ದೇವಾಲಯದ ಹಕ್ಕುದಾರರು. 1852ರಲ್ಲಿ ಒಟ್ಟೋಮನ್ ಸುಲ್ತಾನ ಖಾಯಂಗೊಳಿಸಿದ ಯಥಾಸ್ಥಿತಿಯ ಕಟ್ಟಳೆಯ ಪ್ರಕಾರ ಎಲ್ಲರೂ ಒಪ್ಪದೆ ಏನನ್ನೂ ಅಲುಗಿಸುವಂತಿಲ್ಲ. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಸಿಕ್ಕಿದ ಗಡಿಯ ಹಲಸಿನ ಮರದಂತೆ ಏಣಿ ಅಲ್ಲೇ ಇದೆ. ದೇವಾಲಯದ ಬೀಗದ ಕೈಯನ್ನು ನೋಡಿಕೊಳ್ಳುವುದು ಮಾತ್ರ ಎರಡು ಮುಸ್ಲಿಂ ಮನೆತನಗಳು, ತಲೆತಲಾಂತರದಿಂದ. ಈ ಏರ್ಪಾಡು ನನಗೆ ಬಹಳ ಹಿಡಿಸಿತು.

ನಾನು ಹೋಗಿದ್ದು 2023ರ ಅಕ್ಟೋಬರಿಗೆ ಮುಂಚೆ. ಗಾಜಾ ಯುದ್ಧ ಶುರುವಾದ ಮೇಲೆ ಯಾತ್ರಿಕರ ಗುಂಪುಗಳು ಕಾಣೆಯಾದವು, ಅಂಗಡಿಗಳ ಹಸಿರು ಬಾಗಿಲುಗಳು ಮುಚ್ಚಿದವು. ಪತ್ರಿಕೆಗಳಲ್ಲಿ ಬಂದ ಚಿತ್ರಗಳಲ್ಲಿ ಬೀದಿ ಸಾಲ್ಜ್‌ಮನ್ ತೆಗೆದಷ್ಟೇ ಸ್ವಚ್ಛ, ಖಾಲಿ. ಈ ಸಲ ನೆಗೆಟಿವಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ.

ಆಲಿವ್ ಮರದ ಜಪಮಾಲೆ ಕೊಂಡಿದ್ದ ಅಂಗಡಿಯವನ ನಂಬರ್ ಉಳಿದಿತ್ತು. ಅವನದೇ ಅಂಗಡಿಯೆದುರು ತೆಗೆದ ಚಿತ್ರವೊಂದನ್ನು ಕಳಿಸಿ, ಹೇಗಿದ್ದೀರಿ ಎಂದು ಕೇಳಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಫೋಟೊದಲ್ಲಿ ತಾನು ದಪ್ಪಗೆ ಕಾಣುತ್ತಿದ್ದಾನಂತೆ; ಜಪಮಾಲೆಗಳ ಬೆಲೆ ಅರ್ಧಕ್ಕಿಳಿಸಿದ್ದಾನಂತೆ; ಮುಂದಿನ ಸಲ ಬರುವಾಗ ಇಡೀ ಬಸ್ಸು ತುಂಬ ಜನರನ್ನು ಕರೆತರಬೇಕಂತೆ.