ಮಸ್ಕಿಯ ಬಂಡೆ

ಊರು ನೋಡಹೊರಟವರು ಸಾಮಾನ್ಯವಾಗಿ ಅರಸುವುದು ಗೋಪುರವನ್ನು, ಅರಮನೆಯನ್ನು, ಇಲ್ಲವೇ ಕಡಲನ್ನು. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿಯಲ್ಲಿಳಿದು ನಾನು ನೋಡಿದ್ದು, ಬಿಸಿಲಿಗೆ ಕಾದ ಗುಡ್ಡದಲ್ಲಿ ಒಂದು ಬಂಡೆ. ಅದರ ಮೇಲೆ ಬ್ರಾಹ್ಮಿಯ ಕೆಲವು ಸಾಲು.

ಜೇಮ್ಸ್ ಪ್ರಿನ್ಸೆಪ್ ಈ ಲಿಪಿಯನ್ನು 1837ರಲ್ಲಿಯೇ ಓದಿದ್ದನು. ಆದರೂ ದೇಶದ ಬಂಡೆಗಳಲ್ಲೆಲ್ಲ ಮಾತನಾಡುತ್ತಿದ್ದ ‘ದೇವಾನಾಂಪ್ರಿಯ’ ಯಾರೆಂಬುದಕ್ಕೆ ಸಿಂಹಳದ ಗ್ರಂಥಗಳನ್ನೇ ನಂಬಬೇಕಾಗಿತ್ತು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತ ಬಂದ ಇಂಜಿನಿಯರ್ ಬೀಡನ್ನನ ಕಣ್ಣಿಗೆ ಈ ಶಾಸನ ಬಿತ್ತು. ಇಲ್ಲಿ ದೊರೆಯ ಹೆಸರೇ ಇತ್ತು: ಅಶೋಕ! ಚಿನ್ನವೇನೋ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಸಿಗುತ್ತದೆ. ಇಂಥ ಹೆಸರು ಸಿಗುವುದು ಅಪರೂಪ.

ಚಕ್ರವರ್ತಿ ಇಲ್ಲಿ ತನ್ನ ಗೆಲುವನ್ನು ಕೊಚ್ಚಿಕೊಂಡಿಲ್ಲ. ಧರ್ಮದಲ್ಲಿ ನಡೆದರೆ ಆ ಎತ್ತರ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಎಟುಕುತ್ತದೆ; ಇಬ್ಬರಿಗೂ ಇದನ್ನು ತಿಳಿಸಿ ಎಂದಿದ್ದಾನೆ.

ರಸ್ತೆಗಿಳಿದಾಗ, ಸಿಂಧನೂರಿನ ಕಡೆ ಭತ್ತದ ನಾಟಿಗೆ ಹೊರಟ ಹೆಣ್ಣಾಳುಗಳು ಬುತ್ತಿಗಂಟು ಹಿಡಿದು ಕುಳಿತಿದ್ದರು. “ಮ್ಯಾಲ ಏನೈತ್ರೀ?” ಎಂದು ಒಬ್ಬಳು ಕೇಳಿದಳು. ತಿಳಿದಷ್ಟು ಹೇಳಿದೆ. “ಸಣ್ಣೋರಿಗೂ ಅಂದಾನೇನ್ರಿ?” ಎಂದು ನಕ್ಕಳು. “ಅದನ್ನ ದೊಡ್ಡೋರಿಗೆ ಯಾರು ಓದಿ ಹೇಳ್ಯಾರ?”

ಅವರ ಗಾಡಿ ಬಂತು, ಹತ್ತಿ ಹೋದರು. ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.