ಟ್ಯೂಬಿಂಗನ್‌ನಲ್ಲಿ ಮೊದಲ ಭಾನುವಾರ

ಧಾರವಾಡದ ಮನೆಯ ಪಡಸಾಲೆಯಲ್ಲಿ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿದೆ. ಅವ್ವ ಶೇಂಗಾ ಚಟ್ನಿಪುಡಿಯ ಪೊಟ್ಟಣಕ್ಕೆ ಇನ್ನೊಂದು ಸುತ್ತು ಪ್ಲಾಸ್ಟಿಕ್ ಬಿಗಿಯುತ್ತಿದ್ದಾಳೆ. ತುಪ್ಪದ ಡಬ್ಬಿಯನ್ನೂ ಪೇಡೆಯ ಪೆಟ್ಟಿಗೆಯನ್ನೂ ನೀವೇ ತೆಗೆದು ಬದಿಗಿಟ್ಟಿದ್ದೀರಿ. ಹಾಲಿನ ಪದಾರ್ಥಗಳನ್ನು ಭಾರತದಿಂದ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. “ಪೇಡೆ ಒಯ್ಯಬಾರದಂತ? ಅದೆಂಥಾ ಊರವ್ವ!” ಎನ್ನುತ್ತಾಳೆ ಅವ್ವ. ಅಪ್ಪ ಮಾತ್ರ ಏನೂ ಹೇಳುವುದಿಲ್ಲ. ವಿದ್ಯಾರ್ಥಿ ವೀಸಾಕ್ಕೆ ಬೇಕೆಂದು ಜರ್ಮನಿಯ ಬ್ಲಾಕ್ಡ್ ಖಾತೆಗೆ 11,904 ಯೂರೋ ಕಟ್ಟಿದ ದಿನದಿಂದ ಅವನ ಮಾತು ಕಡಿಮೆಯಾಗಿದೆ. ಸಾಲದ ದುಡ್ಡು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅದು ನಿಮ್ಮ ಕೈಗೇ ಬರುತ್ತದೆ, ನಿಜ. ಆದರೆ ಕಂತು ಕಟ್ಟುವವನು ಅಪ್ಪ.

ನಡುರಾತ್ರಿ ನಿಮಗೆ ಎಚ್ಚರವಾಗುತ್ತದೆ. ಎದೆ ಹೊಡೆದುಕೊಳ್ಳುತ್ತಿದೆ. ಯಾತಕ್ಕೆ ಅಂಜಿಕೆ ಎಂದು ಕೇಳಿಕೊಂಡರೆ ಎಲ್ಲದಕ್ಕೂ ಎನಿಸುತ್ತದೆ. ಎದ್ದು ದೀಪ ಹಾಕಿ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯುತ್ತೀರಿ: ವಿಮಾನ ಇಳಿದ ಮೇಲೆ ಯಾವ ರೈಲು? ಕೋಣೆಯ ಕೀಲಿ ಯಾರ ಹತ್ತಿರ? ಜ್ವರ ಬಂದರೆ ಯಾರು? ನಪಾಸಾದರೆ ಅಪ್ಪನಿಗೆ ಏನು ಹೇಳಲಿ? ಮೊದಲ ಮೂರಕ್ಕೆ ಬೆಳಗಾಗುವುದರೊಳಗೆ ಉತ್ತರ ಹುಡುಕಿ ಬರೆದುಕೊಳ್ಳುತ್ತೀರಿ. ನಾಲ್ಕನೆಯದರ ಮುಂದೆ ಜಾಗ ಖಾಲಿ. ಹಾಳೆ ಮಡಚಿ ಪಾಸ್‌ಪೋರ್ಟಿನೊಳಗೆ ಇಡುತ್ತೀರಿ.

ಬೆಂಗಳೂರು, ಎರಡನೇ ಟರ್ಮಿನಲ್, ಗಾಜಿನಾಚೆ ಕೈಬೀಸುವ ಇಬ್ಬರು. ಆಮೇಲೆ ಫ್ರಾಂಕ್‌ಫರ್ಟ್. ವಿಮಾನ ನಿಲ್ದಾಣದಿಂದಲೇ ಹೊರಡುವ ರೈಲು, ಸ್ಟುಟ್‌ಗಾರ್ಟ್‌ನಲ್ಲಿ ಬದಲಾವಣೆ, ನಂತರ ರಾಯ್ಟ್‌ಲಿಂಗನ್ ದಾಟಿ ಟ್ಯೂಬಿಂಗನ್. ಡಬ್ಬಿಯಲ್ಲಿ ಯಾರೂ ಮಾತಾಡುವುದಿಲ್ಲ. “ಎಲ್ಲಿಗೆ ಹೊಂಟೀರಿ?” ಎಂದು ಯಾರಾದರೂ ಕೇಳಲಿ ಎಂದು ನಿಮಗೆ ಬಹಳ ಅನಿಸುತ್ತದೆ. ಹಾಸ್ಟೆಲ್ ಸೇರುವಾಗ ಶನಿವಾರ ರಾತ್ರಿ.

ಭಾನುವಾರ ಎದ್ದರೆ ಕೋಣೆಯಲ್ಲಿ ತಿನ್ನಲು ಹೆಚ್ಚೇನೂ ಇಲ್ಲ. ಕೆಳಗಿಳಿದು ರಸ್ತೆಗೆ ಬರುತ್ತೀರಿ. ದಿನಸಿ ಅಂಗಡಿಗೆ ಬೀಗ. ಮುಂದಿನದಕ್ಕೂ ಬೀಗ. ಭಾನುವಾರ ಹೆಚ್ಚಿನ ಅಂಗಡಿಗಳನ್ನು ತೆರೆಯಬಾರದೆಂಬುದು ಇಲ್ಲಿನ ಕಾನೂನು. ಓದಿ ಗೊತ್ತಿತ್ತು, ಆದರೆ ಹಸಿದ ಹೊಟ್ಟೆಗೆ ಗೊತ್ತಿರಲಿಲ್ಲ. ವಾಪಸ್ ಬಂದು, ದಾರಿಗೆಂದು ಕಟ್ಟಿಕೊಟ್ಟ ಚಪಾತಿಯಲ್ಲಿ ಉಳಿದ ಒಂದನ್ನು ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತೀರಿ. ಗಂಟಲು ಕಟ್ಟುತ್ತದೆ. ಫೋನು ಹೊಡೆದುಕೊಳ್ಳುತ್ತದೆ. “ಊಟ ಆತೇನು?” “ಆತವ್ವಾ.”

ಮಲಗಿದರೆ ಸಂಜೆಯವರೆಗೂ ಏಳಲಾರಿರಿ ಎಂದು ನಿಮಗೇ ಅನಿಸುತ್ತದೆ. ಜಾಕೆಟ್ ಹಾಕಿಕೊಂಡು ಮತ್ತೆ ಹೊರಬೀಳುತ್ತೀರಿ. ರಸ್ತೆಯಲ್ಲಿ ಒಂದೂ ಕಾರಿಲ್ಲ, ಆದರೂ ಕೆಂಪು ದೀಪಕ್ಕೆ ಜನ ನಿಂತಿದ್ದಾರೆ. ನೀವೂ ನಿಲ್ಲುತ್ತೀರಿ. ನೆಕ್ಕಾರ್ ನದಿಯ ಸೇತುವೆ ಬರುತ್ತದೆ. ದಂಡೆಯ ಮೇಲೆ ಒತ್ತೊತ್ತಾಗಿ ಹಳೆಯ ಮನೆಗಳು, ಅವುಗಳ ನಡುವೆ ಕವಿ ಹೋಲ್ಡರ್ಲಿನ್ ಬದುಕಿನ ಕೊನೆಯ ವರ್ಷಗಳನ್ನು ಕಳೆದ ಹಳದಿ ಗೋಪುರ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯದ ಊರು ಇದು.

ಕಟ್ಟೆಗೆ ಒರಗಿ ನಿಂತಾಗ ಕಿಟ್ಟೆಲ್ ನೆನಪಾಗುತ್ತಾರೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿನ ಮುಂದೆ ಅದೆಷ್ಟು ಸಲ ಓಡಾಡಿಲ್ಲ! ಆ ಫರ್ಡಿನೆಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಇದೇ ಟ್ಯೂಬಿಂಗನ್‌ನಲ್ಲಿ. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಕನ್ನಡ ನಾಡಿಗೆ ಹೊರಟಾಗ ಅವರಿಗೆ 21 ವರ್ಷ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ಸೂಯೆಜ್ ಕಾಲುವೆ ಇನ್ನೂ ಇರಲಿಲ್ಲ. ಅವ್ವನ ದನಿ ಕೇಳಿಸುವ ಯಾವ ಉಪಾಯವೂ ಇರಲಿಲ್ಲ. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು, ಸುಮಾರು 70,000 ಪದಗಳೊಂದಿಗೆ. ಅಷ್ಟು ದೊಡ್ಡ ಕೆಲಸ ಮಾಡಿದವರೂ ಮೊದಲ ವಾರ ಯಾರದೋ ಮುಂದೆ ನಿಂತು, ತಿನ್ನಲು ಏನು ಸಿಗುತ್ತದೆ ಎಂದು ತಪ್ಪುತಪ್ಪಾಗಿ ಕೇಳಿರಲೇಬೇಕು.

ಪಕ್ಕದ ಬೆಂಚಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದಾರೆ. ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತೀರಿ, ಕೆಡವುತ್ತೀರಿ, ಮತ್ತೆ ಜೋಡಿಸುತ್ತೀರಿ. ಕೊನೆಗೆ ಕೇಳಿಯೇಬಿಡುತ್ತೀರಿ. ಅವರಿಗೆ ಅರ್ಥವಾಗುತ್ತದೆ! ಬೇಕರಿಗಳು ಭಾನುವಾರವೂ ಕೆಲವು ಗಂಟೆ ತೆರೆದಿರುತ್ತವೆ ಎಂದು ಬೆರಳು ಮಡಚಿ ಮಡಚಿ ವಿವರಿಸಿ, ಎದ್ದು ತಿರುವಿನವರೆಗೂ ಜೊತೆಗೆ ಬರುತ್ತಾರೆ. ಬಿಸಿ ಬನ್ನು ಎರಡು ಕೊಂಡು, ನಾಣ್ಯ ಎಣಿಸಿ ಕೊಟ್ಟು ಹೊರಬಂದಾಗ ಬೆಳಗಿನಿಂದ ಬಿಗಿಹಿಡಿದಿದ್ದ ಹೆಗಲು ಸಡಿಲಾಗಿರುವುದು ನಿಮ್ಮ ಗಮನಕ್ಕೆ ಬರುತ್ತದೆ.

ಆ ವಾರ ನಗರ ಕಚೇರಿಗೆ ಹೋಗುತ್ತೀರಿ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಪಾಸ್‌ಪೋರ್ಟ್, ಹಾಸ್ಟೆಲ್‌ನವರು ಸಹಿ ಹಾಕಿದ ಕಾಗದ, ಒಂದು ಮುದ್ರೆ. ಆರೋಗ್ಯ ವಿಮೆಯ ಕಾರ್ಡು ಅಂಚೆಯಲ್ಲಿ ಬರುತ್ತದೆ. ಹಾಳೆಯ ಮೂರನೇ ಸಾಲಿಗೂ ಗೀಟು ಬೀಳುತ್ತದೆ.

ಅಕ್ಟೋಬರಿನ ಕೊನೆಯ ಭಾನುವಾರ ಯುರೋಪಿನ ಗಡಿಯಾರಗಳು ಒಂದು ಗಂಟೆ ಹಿಂದೆ ಸರಿಯುತ್ತವೆ. ರಾತ್ರಿ ಒಂಬತ್ತಕ್ಕೆ ಅವ್ವ ಮಾಡುವ ಫೋನು ಇಲ್ಲಿ ಐದೂವರೆಗೆ ಬರುತ್ತಿದ್ದದ್ದು ಈಗ ನಾಲ್ಕೂವರೆಗೆ ಬರುತ್ತದೆ. ಐದು ದಾಟಿದರೆ ಕತ್ತಲು. ಹೋಯಿತೆಂದುಕೊಂಡಿದ್ದ ಅಂಜಿಕೆ ಮರಳುತ್ತದೆ. ಬರುತ್ತದೆ, ಬಂದೇ ಬರುತ್ತದೆ. ಅಂಥದೊಂದು ಸಂಜೆ ಅಪ್ಪನಿಗೆ ಫೋನು ಕೊಡಲು ಹೇಳಿ, ನಾಲ್ಕನೇ ಪ್ರಶ್ನೆಯನ್ನು ಕೇಳಿಬಿಡುತ್ತೀರಿ: “ಅಪ್ಪಾ, ನಪಾಸಾದ್ರ?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಮತ್ತ ಬರೀ. ಸಾಲದ್ದು ನಾ ನೋಡ್ಕೋತೀನಿ. ನನಗೂ ಅಂಜಿಕಿ ಆಗಿತ್ತು, ಅದಕ್ಕ ಮಾತಾಡ್ಲಿಲ್ಲ.”

ಮುಂದಿನ ಅಕ್ಟೋಬರಿನಲ್ಲಿ ಇದೇ ಟ್ಯೂಬಿಂಗನ್ ನಿಲ್ದಾಣಕ್ಕೆ ಕರ್ನಾಟಕದ ಇನ್ನೊಂದು ಊರಿನಿಂದ ಯಾರಾದರೂ ಸೂಟ್‌ಕೇಸು ಎಳೆದುಕೊಂಡು ಬಂದಿಳಿದರೆ, ಶನಿವಾರವೇ ಅವರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಅಕ್ಕಿ, ಬೇಳೆ ಕೊಡಿಸಿ. ಭಾನುವಾರ ಮಧ್ಯಾಹ್ನ ನಿಮ್ಮ ಕೋಣೆಗೆ ಊಟಕ್ಕೆ ಕರೆಯಿರಿ. ಮರೆಯಬೇಡಿ.